ರಾಯಭಾರ ಕಚೇರಿ ಪರದೇಶದ ನೆಲವೇ?

ದೆಹಲಿಯ ಚಾಣಕ್ಯಪುರಿಯಲ್ಲಿ ಅಮೆರಿಕದ ರಾಯಭಾರ ಕಚೇರಿಯ ಗೇಟು ದಾಟಿದರೆ ಅಮೆರಿಕದ ನೆಲಕ್ಕೆ ಕಾಲಿಟ್ಟಂತೆ ಎಂಬ ನಂಬಿಕೆ ಓದಿಕೊಂಡವರಲ್ಲೂ ಇದೆ. ಅದು ತಪ್ಪು. ಆ ನೆಲ ಭಾರತದ್ದೇ. 1961ರ ವಿಯೆನ್ನಾ ಒಪ್ಪಂದದ 22ನೇ ವಿಧಿಯಂತೆ ಅಲ್ಲಿನ ಮುಖ್ಯಸ್ಥರು ಒಪ್ಪದೆ ನಮ್ಮ ಪೊಲೀಸರು ಒಳಗೆ ಹೋಗುವಂತಿಲ್ಲ, ನಿಜ. ಆದರೆ ಆ ಕಟ್ಟಡವನ್ನು ಕಾಯುವ ಹೊಣೆಯನ್ನು ಅದೇ ವಿಧಿ ಆತಿಥೇಯ ದೇಶದ ಹೆಗಲಿಗೆ ಹಾಕಿದೆ. ರಾಯಭಾರಿಗಳು ತಾವಿರುವ ದೇಶದ ಕಾನೂನನ್ನು ಗೌರವಿಸಬೇಕು, ಅದರ ಆಂತರಿಕ ವ್ಯವಹಾರದಲ್ಲಿ ತಲೆಹಾಕಬಾರದು ಎನ್ನುತ್ತದೆ 41ನೇ ವಿಧಿ. ತಮ್ಮದೇ ನೆಲದ ಮೇಲಿದ್ದವರಿಗೆ ಈ ಕಟ್ಟಳೆ ಏಕೆ ಬೇಕಿತ್ತು? ಬಾಡಿಗೆಗೆ ಕೊಟ್ಟ ಮನೆಯೊಳಕ್ಕೆ ಮಾಲೀಕ ಹೇಳದೆ ಕೇಳದೆ ನುಗ್ಗುವಂತಿಲ್ಲ. ಹಾಗೆಂದು ಮನೆ ಬಾಡಿಗೆದಾರನ ಸ್ವತ್ತಾಗುವುದಿಲ್ಲ.

ಎರಡು ಸರ್ಕಾರಗಳ ಮಾತುಕತೆ ಭಯವಿಲ್ಲದೆ ನಡೆಯಲಿ ಎಂದೇ ಈ ರಕ್ಷಣೆ. ಅದು ಕಟ್ಟಡಕ್ಕಿಂತ ಹಳೆಯದು ಎಂಬುದಕ್ಕೆ ಶ್ರೀರಂಗಪಟ್ಟಣದ ಇತಿಹಾಸದಲ್ಲೇ ಸಾಕ್ಷಿಯಿದೆ. 1787ರಲ್ಲಿ ಟಿಪ್ಪು ಸುಲ್ತಾನ್ ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರನ್ನು ಫ್ರಾನ್ಸಿಗೆ ಕಳಿಸಿದ. ಪುದುಚೇರಿಯಲ್ಲಿ ಹಡಗು ಹತ್ತಿದ ಅವರು ಮರುವರ್ಷ ಜೂನ್‌ನಲ್ಲಿ ತೂಲೋನ್ ಬಂದರಿನಲ್ಲಿ ಇಳಿದರು. 1788ರ ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ ಹದಿನಾರನೇ ಲೂಯಿ ದೊರೆ ಅವರನ್ನು ಬರಮಾಡಿಕೊಂಡ. ಪ್ಯಾರಿಸ್ಸಿನಲ್ಲಿ ಮೈಸೂರಿನದ್ದೆನ್ನಲು ಗೇಣು ಜಾಗವಿರಲಿಲ್ಲ. ಉಳಿದುಕೊಂಡದ್ದು ದೊರೆಯ ಖರ್ಚಿನಲ್ಲಿ. ಆದರೂ ದೂತರೆಂಬ ಮರ್ಯಾದೆಗೆ ಕೊರತೆಯಾಗಲಿಲ್ಲ. ಬೊಕ್ಕಸ ಬರಿದಾಗಿದ್ದ ಫ್ರಾನ್ಸ್, ಇಂಗ್ಲಿಷರ ವಿರುದ್ಧ ಅವರು ಕೇಳಿದ ಸೈನಿಕ ಮೈತ್ರಿಗೆ ಒಪ್ಪಲಿಲ್ಲ. ಕೇಳಿದ್ದು ಸಿಗದಿದ್ದರೂ ಸುರಕ್ಷಿತವಾಗಿ ಊರಿಗೆ ಮರಳಬಹುದೆಂಬ ಈ ಭರವಸೆಯೇ ರಾಯಭಾರದ ತಿರುಳು ಎಂದು ನನ್ನ ಎಣಿಕೆ.

ನೆಲ ಪರದೇಶದ್ದಲ್ಲದಿದ್ದರೆ ಲಂಡನ್ನಿನ ಈಕ್ವೆಡಾರ್ ರಾಯಭಾರ ಕಚೇರಿಯಲ್ಲಿ ವಿಕಿಲೀಕ್ಸ್ ಸ್ಥಾಪಕ ಜೂಲಿಯನ್ ಅಸಾಂಜ್ ಆಶ್ರಯ ಪಡೆದು ಸುಮಾರು ಏಳು ವರ್ಷ ಉಳಿದದ್ದು ಹೇಗೆ ಎಂದು ಕೇಳಬಹುದು. ಆ ಪ್ರಕರಣದ ಕೊನೆಯನ್ನು ನೋಡಿ. 2019ರ ಏಪ್ರಿಲ್ 11ರಂದು ಈಕ್ವೆಡಾರ್ ಆಶ್ರಯ ಹಿಂತೆಗೆದುಕೊಂಡು, ರಾಯಭಾರಿಯೇ ಕರೆದಾಗ, ಬ್ರಿಟಿಷ್ ಪೊಲೀಸರು ಒಳಹೋಗಿ ಬಂಧಿಸಿದರು. ಅದು ಈಕ್ವೆಡಾರಿನ ನೆಲವಾಗಿದ್ದರೆ ಗಡೀಪಾರಿನ ಪ್ರಕ್ರಿಯೆ ನಡೆಯಬೇಕಿತ್ತು. ಆದರೆ ಬೇಕಾದದ್ದು ಒಪ್ಪಿಗೆಯೊಂದೇ.

ನೆಲದ ಒಡೆತನಕ್ಕೂ ಕಚೇರಿಯ ರಕ್ಷಣೆಗೂ ಇರುವ ಈ ವ್ಯತ್ಯಾಸ ನಾಗಮಂಗಲ, ಕೆ.ಆರ್. ಪೇಟೆಯಿಂದ ಹೊರದೇಶಕ್ಕೆ ದುಡಿಯಲು ಹೋಗುವವರಿಗೂ ತಿಳಿದಿರಬೇಕು. ಪಾಸ್‌ಪೋರ್ಟ್ ಕಳೆದರೆ ಭಾರತದ ಕಚೇರಿ ಮರಳಲು ತುರ್ತು ಪತ್ರ ಕೊಡಬಲ್ಲದು. ಬಂಧನವಾದರೆ ಅಧಿಕಾರಿಗಳು ಭೇಟಿಯಾಗಬಹುದು, ವಕೀಲರ ಏರ್ಪಾಟಿಗೆ ನೆರವಾಗಬಹುದು. 1963ರ ಕಾನ್ಸುಲರ್ ಒಪ್ಪಂದ ಆ ಹಕ್ಕು ಕೊಟ್ಟಿದೆ. ಅಲ್ಲಿನ ಜೈಲಿನ ಬಾಗಿಲು ತೆರೆಸುವ ಅಧಿಕಾರ ಅವರಿಗಿಲ್ಲ. ಆದ್ದರಿಂದ ಸಿಕ್ಕಿಬಿದ್ದ ಮೊದಲ ಗಂಟೆಯಲ್ಲೇ ನಮ್ಮ ರಾಯಭಾರ ಕಚೇರಿಗೆ ತಿಳಿಸಿ ಎಂದು ಪಟ್ಟು ಹಿಡಿದು ಕೇಳಬೇಕು.