ಕಪ್ಪವೋ ವ್ಯಾಪಾರವೋ? ಕೋಕಂದ್–ಚೀನಾ ಸಂಬಂಧವನ್ನು ಕಲಿಸುವ ಬಗೆ

ಪ್ರಶಿಕ್ಷಣಾರ್ಥಿಗಳ ಪಾಠ ಯೋಜನೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ವಾಕ್ಯವೊಂದಿದೆ: ‘ನೆರೆರಾಜ್ಯಗಳು ಚೀನಾಕ್ಕೆ ಕಪ್ಪ ಒಪ್ಪಿಸಿ ಅಧೀನವಾಗಿದ್ದವು.’ ಕಪ್ಪುಹಲಗೆಯ ಮೇಲೆ ಬರೆಯಲು ಇದು ಸುಲಭ. ಆದರೆ ಕಪ್ಪ ಕೊಟ್ಟವರೆಲ್ಲ ಅಧೀನರೇ ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ ಉತ್ತರ ಕೊಡಬೇಕಾಗುತ್ತದೆ. ಅದಕ್ಕೆ ಕೋಕಂದ್ ಖಾನರ ರಾಜ್ಯ ಒಳ್ಳೆಯ ಉದಾಹರಣೆ.

ಮೊದಲು ನಕಾಶೆ. ಇಂದಿನ ಉಜ್ಬೇಕಿಸ್ತಾನದ ಫರ್ಗಾನಾ ಕಣಿವೆಯಲ್ಲಿ ಕೋಕಂದ್ ಇದೆ. ಪರ್ವತಗಳಾಚೆ ಪೂರ್ವಕ್ಕೆ ಕಾಶ್ಗರ್. ಒಂದು ಎಚ್ಚರಿಕೆ: ಕೋಕಂದ್ ಆಳಿದ ಮಿಂಗ್ ಮನೆತನ ಉಜ್ಬೆಕ್ ಬುಡಕಟ್ಟಿನದು, ಚೀನಾದ ಮಿಂಗ್ ವಂಶಕ್ಕೂ ಅದಕ್ಕೂ ನಂಟಿಲ್ಲ.

1759ರಲ್ಲಿ ಚೀನಾದ ಚಿಂಗ್ ಸಾಮ್ರಾಜ್ಯ ಕಾಶ್ಗರ್, ಯಾರ್ಕಂದ್ ನಗರಗಳನ್ನು ಗೆದ್ದುಕೊಂಡಿತು. ಕೋಕಂದ್‌ನ ಅರಸ ಇರ್ದಾನಾ ಚಿಂಗ್ ದೂತರನ್ನು ಬರಮಾಡಿಕೊಂಡು ತನ್ನ ದೂತರನ್ನು ಬೀಜಿಂಗ್‌ಗೆ ಕಳುಹಿಸಿದ. ಚಿಂಗ್ ಆಸ್ಥಾನ ಇದನ್ನು ಶರಣಾಗತಿಯೆಂದು ದಾಖಲಿಸಿತು. ಕೋಕಂದ್‌ಗೆ ದಕ್ಕಿದ್ದು ಮರುಕಾಣಿಕೆ ಮತ್ತು ಕಾಶ್ಗರ್ ಪೇಟೆಯ ಪ್ರವೇಶ. ಅಲ್ಲಿಂದ ಅದರ ವರ್ತಕರು ಚಹಾ, ರೇಷ್ಮೆ, ಪಿಂಗಾಣಿ ತಂದು ಮಾರಿದರು. ಒಳಾಡಳಿತವನ್ನೂ ಯುದ್ಧಗಳನ್ನೂ ಕೋಕಂದ್ ತನ್ನಿಷ್ಟದಂತೆಯೇ ನಡೆಸಿತು.

ಈ ಸಂಬಂಧದ ನಿಜರೂಪ ಬಯಲಾದದ್ದು ಬಿಕ್ಕಟ್ಟಿನಲ್ಲಿ. 1826ರಲ್ಲಿ ಜಹಾಂಗೀರ್ ಖೋಜಾ ಕಾಶ್ಗರ್ ಮೇಲೆ ದಾಳಿಯಿಟ್ಟ. 1828ರಲ್ಲಿ ಚಿಂಗ್ ಪಡೆಗೆ ಸೆರೆಸಿಕ್ಕ. ಶಿಕ್ಷೆಯೆಂಬಂತೆ ಚಿಂಗ್ ಅಧಿಕಾರಿಗಳು ಕೋಕಂದ್ ಜೊತೆಗಿನ ವ್ಯಾಪಾರ ನಿಲ್ಲಿಸಿ ಅದರ ವರ್ತಕರನ್ನು ಹೊರಗಟ್ಟಿದರು. ಪೇಟೆ ಮುಚ್ಚಿದ್ದು ಖಾನ್ ಮುಹಮ್ಮದ್ ಅಲಿಗೆ ಬಲವಾದ ಪೆಟ್ಟು. 1830ರಲ್ಲಿ ಅವನ ಸೇನೆಯೇ ಕಾಶ್ಗರ್‌ಗೆ ನುಗ್ಗಿತು.

ದೂರದ ಗಡಿಯಲ್ಲಿ ದೊಡ್ಡ ಸೈನ್ಯ ಸಾಕುವುದು ಚಿಂಗ್ ಬೊಕ್ಕಸಕ್ಕೆ ಭಾರವಾಗಿತ್ತು. ಹೀಗಾಗಿ ಅದು ರಾಜಿಗೆ ಒಪ್ಪಿತು. 1835ರ ವ್ಯವಸ್ಥೆಯಂತೆ ಕಾಶ್ಗರ್ ಮೊದಲಾದ ನಗರಗಳಲ್ಲಿ ಕೋಕಂದ್ ತನ್ನ ‘ಅಕ್ಸಕಾಲ’ರನ್ನು ನೇಮಿಸಬಹುದಾಗಿತ್ತು. ಈ ಪದಕ್ಕೆ ಬಿಳಿಗಡ್ಡದವ, ಅಂದರೆ ಹಿರಿಯ, ಎಂದರ್ಥ. ಅಲ್ಲಿನ ವಿದೇಶಿ ವರ್ತಕರ ಮೇಲಿನ ಅಧಿಕಾರವೂ ಅವರು ತಂದ ಸರಕಿನ ಸುಂಕವೂ ಈ ಅಕ್ಸಕಾಲರ ಪಾಲಾದವು. ಇತಿಹಾಸಕಾರ ಜೋಸೆಫ್ ಫ್ಲೆಚರ್ ಇದನ್ನು ಚೀನಾದ ಮೊದಲ ‘ಅಸಮಾನ ಒಪ್ಪಂದ’ ಎಂದು ಗುರುತಿಸಿದರು. ಬ್ರಿಟನ್ ಜೊತೆಗಿನ ನಾನ್‌ಜಿಂಗ್ ಒಪ್ಪಂದ ಆದದ್ದು 1842ರಲ್ಲಿ, ಅಂದರೆ 7 ವರ್ಷಗಳ ಬಳಿಕ.

ತರಗತಿಯಲ್ಲಿ ಹಲಗೆಯನ್ನು ಎರಡು ಭಾಗ ಮಾಡಿ, ‘ಬೀಜಿಂಗ್ ಬರೆದುಕೊಂಡದ್ದು’, ‘ಕೋಕಂದ್ ಪಡೆದದ್ದು’ ಎಂದು ಶೀರ್ಷಿಕೆ ಕೊಡಿ. 1759, 1830, 1835ರ ಘಟನೆಗಳನ್ನು ಮಕ್ಕಳೇ ತುಂಬಲಿ. ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು: ‘ಅಧೀನ ರಾಜ್ಯವೊಂದು ತನ್ನ ಒಡೆಯನ ನಗರದಲ್ಲಿ ಸುಂಕ ವಸೂಲಿ ಮಾಡಬಲ್ಲದೇ?’ ಮಕ್ಕಳ ಉತ್ತರ ಹೌದೆಂದಿರಲಿ, ಇಲ್ಲವೆಂದಿರಲಿ, ಕಾರಣ ಕೊಟ್ಟಿದ್ದರೆ ಅಂಕ ಕೊಡಿ. ಯಾರು ಬರೆದ ದಾಖಲೆ ಎಂದು ಕೇಳಲು ಅವರು ಕಲಿತರೆ ಪಾಠದ ಉದ್ದೇಶ ಈಡೇರಿದಂತೆ.