ಬೆಂಕಿಯಿಲ್ಲದ ಒಲೆ

ಇಂದು ಅನೇಕ ಕುಟುಂಬಗಳ ಅಡುಗೆಮನೆಯಲ್ಲಿ ಮೈಕ್ರೋವೇವ್ ಒಲೆ ಕಾಣಸಿಗುತ್ತದೆ. ಜ್ವಾಲೆಯಿಲ್ಲ, ಹೊಗೆಯಿಲ್ಲ; ಆದರೂ ಪಲ್ಯ ಬೇಯುತ್ತದೆ. ಅಮೆರಿಕದಲ್ಲಿ ರಾಡಾರ್ ಉಪಕರಣಗಳನ್ನು ರೂಪಿಸುತ್ತಿದ್ದ ಪರ್ಸಿ ಸ್ಪೆನ್ಸರ್ ಅವರು 1945ರಲ್ಲಿ ಈ ಬಗೆಯ ಅಡುಗೆಗೆ ನಾಂದಿ ಹಾಡಿದರು.

ಈ ಒಲೆಯ ಅಲೆಗಳು ಮುಖ್ಯವಾಗಿ ಆಹಾರದಲ್ಲಿರುವ ನೀರಿನ ಕಣಗಳನ್ನು ಅಲುಗಾಡಿಸಿ ಬಿಸಿಯನ್ನುಂಟುಮಾಡುತ್ತವೆ. ಈ ಒಂದು ಮರ್ಮವನ್ನರಿತರೆ ಉಳಿದುದು ಸುಲಭ. ನೀರಿನಂಶವುಳ್ಳ ಅನ್ನ, ಸಾರು, ತರಕಾರಿಗಳು ಇದಕ್ಕೆ ಚೆನ್ನಾಗಿ ಒಗ್ಗುತ್ತವೆ. ಹಪ್ಪಳವೂ ಎಣ್ಣೆಯಿಲ್ಲದೆ ಅರಳುತ್ತದೆ. ಆದರೆ ಜೋಳದ ರೊಟ್ಟಿಗೆ ಕಾದ ಹಂಚೇ ಬೇಕು.

ಪಾತ್ರೆಯ ವಿಷಯದಲ್ಲಿ ಎಚ್ಚರವಿರಲಿ. ಸ್ಟೀಲು, ಹಿತ್ತಾಳೆಯ ಪಾತ್ರೆಗಳನ್ನೂ ಚಿನ್ನದ ಬಣ್ಣದ ಅಂಚುಳ್ಳ ಬಟ್ಟಲುಗಳನ್ನೂ ಇದರೊಳಗೆ ಇಡಬಾರದು, ಕಿಡಿ ಹಾರೀತು. ಈ ಒಲೆಗೆಂದೇ ತಯಾರಿಸಿದ ಗಾಜು, ಪಿಂಗಾಣಿ ಪಾತ್ರೆಗಳು ಉತ್ತಮ. ಬಿಗಿಯಾಗಿ ಮುಚ್ಚಿದ ಡಬ್ಬಿ ಸಲ್ಲದು.

ಅಲೆಗಳು ಆಹಾರದೊಳಗೆ ಕೆಲವೇ ಸೆಂಟಿಮೀಟರ್ ಇಳಿಯುತ್ತವೆ. ಆದುದರಿಂದ ಒಂದೆಡೆ ಕುದಿಯುತ್ತಿದ್ದರೂ ಇನ್ನೊಂದೆಡೆ ತಣ್ಣಗಿರುವುದುಂಟು. ನಡುವೆ ಒಮ್ಮೆ ಕಲಕಿ, ಬಿಸಿಯಾದ ಮೇಲೆ ಎರಡು ನಿಮಿಷ ಹಾಗೆಯೇ ಬಿಡಬೇಕು.

ಹಸುಗೂಸಿನ ಹಾಲನ್ನಂತೂ ಇದರಲ್ಲಿ ಕಾಯಿಸಲೇಬಾರದು. ಬಾಟಲಿಯು ತಾಯಿಯ ಕೈಗೆ ಬೆಚ್ಚಗಷ್ಟೇ ತೋರಿದರೂ ಒಳಗಿನ ಹಾಲು ಎಳೆಯ ಬಾಯನ್ನು ಸುಟ್ಟೀತು. ಬಿಸಿನೀರಿನಲ್ಲಿ ಬಾಟಲಿಯನ್ನಿರಿಸಿ ಬೆಚ್ಚಗೆ ಮಾಡಿ, ಒಂದು ಹನಿಯನ್ನು ಮಣಿಕಟ್ಟಿನ ಮೇಲೆ ಹಾಕಿ ನೋಡುವ ಹಿರಿಯರ ಕ್ರಮವೇ ಲೇಸು.

ಗೃಹಿಣಿಯ ದುಡಿಮೆಯನ್ನು ಹಗುರಗೊಳಿಸುವ ಸಾಧನವನ್ನು ಸಂಶಯದಿಂದ ದೂರವಿಡಬೇಕಿಲ್ಲ, ಅರಿಯದೆ ಬಳಸಲೂಬಾರದು. ಅದು ಹಳೆಯ ಒಲೆಗೆ ಸವತಿಯಾಗದೆ ತಂಗಿಯಾಗಿರಲಿ.