ಸಾಕಿದ ಹೆಬ್ಬಾವಿಗೆ ಹಗಲಿರುಳು

ಹಾವಿಗೆ ಸಂಸ್ಕೃತದಲ್ಲಿ ಚಕ್ಷುಃಶ್ರವಸ್ಸೆಂಬ ಹೆಸರುಂಟು. ಕಣ್ಣಿನಿಂದಲೇ ಕೇಳುವ ಪ್ರಾಣಿಯೆಂದು ಅದರ ಅರ್ಥ. ಹೊರಗಿವಿಯಿಲ್ಲದ ಈ ಜೀವಿಯು ನೆಲದ ಕಂಪನವನ್ನು ದವಡೆಯ ಎಲುಬಿನ ಮೂಲಕ ಅರಿಯುವುದೆಂದು ಶಾಸ್ತ್ರಜ್ಞರು ಕಂಡುಕೊಂಡಿರುವುದರಿಂದ ಆ ಹೆಸರು ಅಕ್ಷರಶಃ ಸಲ್ಲದು. ಆದರೂ ಹಾವಿನ ಕಣ್ಣಿನಲ್ಲಿ ಬೇರೊಂದು ವಿಶೇಷವಿರುವುದು. ಅದಕ್ಕೆ ಮುಚ್ಚುವ ರೆಪ್ಪೆಯಿಲ್ಲ. ಪಾರದರ್ಶಕವಾದ ಒಂದು ಪೊರೆಯು ಕಣ್ಣನ್ನು ಸದಾ ಹೊದಿಸಿಕೊಂಡಿರುವುದು. ಬೆಳಕು ಬೇಡವಾದಾಗ ನಾವು ಕಣ್ಣು ಮುಚ್ಚುವೆವು. ಹಾವಾದರೋ ಕತ್ತಲೆಯಿರುವೆಡೆಗೆ ಸರಿದು ಹೋಗಬೇಕಲ್ಲದೆ ಬೇರೆ ಗತಿಯಿಲ್ಲ. ಹಾವನ್ನು ಸಾಕಬಯಸುವವರು ಮೊದಲು ನೆನೆಯತಕ್ಕ ಸಂಗತಿಯಿದು.

ಚಳ್ಳಕೆರೆ, ಮೊಳಕಾಲ್ಮೂರುಗಳಂಥ ಒಣಬಯಲಿನ ಸೀಮೆಯಲ್ಲಿರುವ ನಮಗೆ ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾದುದಿಲ್ಲ. ಮಣ್ಣುಮುಕ್ಕನೆಂದೂ ಎರಡು ತಲೆಯ ಹಾವೆಂದೂ ಜನರು ಕರೆಯುವ ಹಾವನ್ನು ನಮ್ಮ ವಾಚಕರು ಬಲ್ಲರು. ಅದರ ತಲೆ ಒಂದೇ. ಮೊಂಡಾದ ಬಾಲವು ತಲೆಯಂತೆ ತೋರುವುದರಿಂದ ಆ ಹೆಸರು ಬಂದಿತು. ವಿಷವಿಲ್ಲದ ಈ ಸಾಧುಪ್ರಾಣಿಯು ಹಗಲೆಲ್ಲ ಸಡಿಲ ಮಣ್ಣಿನೊಳಗೋ ಇಲಿಯ ಬಿಲದಲ್ಲಿಯೋ ಅಡಗಿದ್ದು, ಹೊತ್ತು ಮುಳುಗಿದ ಮೇಲೆ ಹೊರಬಂದು ಇಲಿಗಳನ್ನು ತಿಂದು ರೈತನಿಗೆ ಉಪಕಾರ ಮಾಡುವುದು. ಮನೆಯಲ್ಲಿಟ್ಟರೆ ಭಾಗ್ಯ ಕೂಡಿಬರುವುದೆಂಬ ಭ್ರಾಂತಿಯಿಂದ ಇದನ್ನು ಹಿಡಿದು ಮಾರುವವರುಂಟು. ಇದನ್ನೂ ನಮ್ಮ ನಾಡಿನ ಹೆಬ್ಬಾವನ್ನೂ ಹಿಡಿಯುವುದು, ಮಾರುವುದು, ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಂತೆ ಅಪರಾಧ. ಅವುಗಳನ್ನು ಹೊಲದಲ್ಲಿಯೂ ಕಾಡಿನಲ್ಲಿಯೂ ಅವುಗಳ ಪಾಡಿಗೆ ಬಿಡುವುದೇ ಧರ್ಮ.

ಈಚೆಗೆ ನಗರಗಳಲ್ಲಿ ಪರದೇಶದ ಹಾವುಗಳನ್ನು ಸಾಕುವ ಹವ್ಯಾಸವು ಹಬ್ಬಿದೆ. ಬಾಲ್ ಪೈಥಾನ್ ಅವುಗಳಲ್ಲೊಂದು. ಬೆದರಿದಾಗ ತಲೆಯನ್ನು ನಡುವೆ ಅಡಗಿಸಿ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಈ ಹೆಸರು. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹುಲ್ಲುಗಾವಲುಗಳು ಅದರ ತೌರು. ಮೂರರಿಂದ ಐದು ಅಡಿ ಬೆಳೆಯುವ ಈ ಸಣ್ಣ ಹೆಬ್ಬಾವು ನಮ್ಮ ಮಣ್ಣುಮುಕ್ಕನಂತೆಯೇ ಹಗಲನ್ನು ಇಲಿಯ ಬಿಲಗಳಲ್ಲಿ, ಗೆದ್ದಲು ಹುತ್ತಗಳಲ್ಲಿ ಕಳೆದು, ಇರುಳಿನಲ್ಲಿ ಸಂಚರಿಸುವುದು. ಅದರ ತುಟಿಯ ಕುಳಿಗಳು ಬೇಟೆಯ ಮೈಬಿಸಿಯನ್ನು ಕತ್ತಲೆಯಲ್ಲಿಯೂ ಗುರುತಿಸಬಲ್ಲವು. ಆದುದರಿಂದ ‘ಪಾಪ, ಕತ್ತಲೆಯಲ್ಲಿದೆ’ ಎಂದು ರಾತ್ರಿ ದೀಪವಿಡುವ ದಯೆಯು ದಯೆಯಲ್ಲ. ಬಯಲಿನ ಹಾವು ತನ್ನ ಇರುಳನ್ನು ತಾನೇ ಹುಡುಕಿಕೊಳ್ಳುವುದು. ಗಾಜಿನ ಪೆಟ್ಟಿಗೆಯ ಹಾವಿಗೆ ಯಜಮಾನನು ಕೊಟ್ಟಷ್ಟೇ ಇರುಳು.

ಹಾಗೆಂದು ಹಗಲು ಬೇಡವೆಂದಲ್ಲ. ಬೆಳಕು ಏರಿ ಇಳಿಯುವುದನ್ನು ನೋಡಿಯೇ ಪ್ರಾಣಿಯ ಶರೀರವು ಹೊತ್ತನ್ನು ತಿಳಿಯುವುದು. ಅಹೋರಾತ್ರಿಯ 60 ಘಳಿಗೆಗಳಲ್ಲಿ 30 ಬೆಳಕಿಗೂ 30 ಕತ್ತಲೆಗೂ, ಎಂದರೆ ಹನ್ನೆರಡು ಹನ್ನೆರಡು ಗಂಟೆಗಳಂತೆ ಹಂಚಿದರೆ ಸಾಕು. ಚಳ್ಳಕೆರೆಯಲ್ಲಿ ವರ್ಷದ ಅತಿ ದೀರ್ಘವಾದ ಹಗಲು ಸುಮಾರು 13 ಗಂಟೆ, ಅತಿ ಹ್ರಸ್ವವಾದುದು ಸುಮಾರು 11¼ ಗಂಟೆ. ಆ ಹಾವಿನ ತೌರಿನ ಹಗಲಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಕಿಟಕಿಯಿಂದ ಬೆಳಕು ಬರುವ ಕೋಣೆಯಿದ್ದರೆ ನಮ್ಮ ಸೂರ್ಯನೇ ಗಡಿಯಾರವಾಗುವನು. ಕತ್ತಲೆಯ ಕೋಣೆಯಾದರೆ ಬಿಸಿಯಾಗದ ಸಣ್ಣ ಎಲ್ಇಡಿ ದೀಪವನ್ನು ಟೈಮರಿನೊಡನೆ ಜೋಡಿಸಿ, ಬೆಳಗ್ಗೆ ಆರಕ್ಕೆ ಹತ್ತಿ ಸಂಜೆ ಆರಕ್ಕೆ ಆರುವಂತೆ ಮಾಡಬಹುದು. ಕೆಂಪು ದೀಪವನ್ನು ಹಾವು ಕಾಣದೆಂದು ನಂಬಿ ರಾತ್ರಿಯೆಲ್ಲ ಉರಿಸುವುದು ಸಲ್ಲದು. ಇರುಳೆಂದರೆ ದೀಪವಿಲ್ಲದ ಇರುಳೇ ಆಗಬೇಕು. ಹಗಲಿನಲ್ಲಿಯೂ ಅಡಗಲು ಎರಡು ಗೂಡುಗಳು, ಒಂದು ಬೆಚ್ಚನೆಯ ಕಡೆಗೂ ಇನ್ನೊಂದು ತಂಪಿನ ಕಡೆಗೂ, ಇರತಕ್ಕದ್ದು.

ಬೆಳಕು ಬೇರೆ, ಬಿಸಿ ಬೇರೆ ಎಂಬುದನ್ನು ಮರೆಯಲಾಗದು. ಹಾವು ತನ್ನ ಮೈಬಿಸಿಯನ್ನು ಹೊರಗಿನಿಂದಲೇ ಪಡೆಯುವುದರಿಂದ ಪೆಟ್ಟಿಗೆಯ ಒಂದು ಕೊನೆಯಲ್ಲಿ ಸುಮಾರು 32 ಡಿಗ್ರಿ, ಇನ್ನೊಂದು ಕೊನೆಯಲ್ಲಿ ಸುಮಾರು 26 ಡಿಗ್ರಿ ಸೆಲ್ಸಿಯಸ್ ಇರಬೇಕು. ಬೆಳಕು ಬೀರದ ಬಿಸಿಹಲಗೆಯನ್ನು ಥರ್ಮೋಸ್ಟಾಟ್ ಎಂಬ ಉಷ್ಣನಿಯಂತ್ರಕಕ್ಕೆ ಸೇರಿಸಿಟ್ಟರೆ ಇರುಳು ಕೆಡದೆ ಬಿಸಿಯೂ ದೊರೆಯುವುದು. ಆದರೆ ನಮ್ಮ ಸೀಮೆಯ ಚೈತ್ರ ವೈಶಾಖಗಳ ಬಿಸಿಲಿನಲ್ಲಿ, ಅದರಲ್ಲಿಯೂ ತಗಡಿನ ಮಾಡಿನ ಕೆಳಗೆ, ಬಿಸಿಗಿಂತ ತಂಪನ್ನು ಒದಗಿಸುವುದೇ ಕಷ್ಟ. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿ ಗಾಜಿನ ಪೆಟ್ಟಿಗೆಯನ್ನಿಟ್ಟರೆ ಕೊಂಚ ಹೊತ್ತಿನಲ್ಲಿಯೇ ಪ್ರಾಣಹಾನಿಯಾದೀತು.

ಮನೆಯವರೆಲ್ಲರೂ ರಾತ್ರಿ ಹನ್ನೊಂದರವರೆಗೆ ದೀಪ ಹಚ್ಚಿ ಟೆಲಿವಿಷನ್ ನೋಡುವ ನಡುಮನೆಯು ಇದಕ್ಕೆ ತಕ್ಕ ಸ್ಥಳವಲ್ಲ. ಆಹಾರವನ್ನು ಮುಸ್ಸಂಜೆಯ ಬಳಿಕ ಕೊಡುವುದು ಲೇಸು. ತಂಪಿನ ತಿಂಗಳುಗಳಲ್ಲಿ ಈ ಹಾವು ಕೆಲವು ವಾರ ಉಪವಾಸವಿರುವುದು ಸಹಜ. ಆದರೆ ಊಟ ಬಿಟ್ಟು, ಹಗಲಿರುಳೆನ್ನದೆ ಮೂತಿಯನ್ನು ಗಾಜಿಗೆ ಉಜ್ಜುತ್ತ ತಿರುಗುತ್ತಿದ್ದರೆ ದೀಪ, ಬಿಸಿ, ಅಡಗುದಾಣ ಇವುಗಳನ್ನು ಪರೀಕ್ಷಿಸಿ, ಮೈ ಇಳಿಯುತ್ತಿದ್ದರೆ ಪಶುವೈದ್ಯರಿಗೆ ತೋರಿಸಬೇಕು.

ಮಗುವಿನ ಹಟಕ್ಕೆ ಸೋತು ಇದನ್ನು ತರುವ ಮುನ್ನ ತಾಯಿತಂದೆಗಳು ಎರಡು ಮಾತುಗಳನ್ನು ವಿಚಾರಿಸತಕ್ಕದ್ದು. ಒಂದು, ವನ್ಯಜೀವಿ ಕಾನೂನಿಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಇಂಥ ಪರದೇಶದ ಪ್ರಾಣಿಯನ್ನು ಸರ್ಕಾರದಲ್ಲಿ ನೋಂದಾಯಿಸಲೇಬೇಕು. ಎರಡು, ಇದು ಸಾಕಿದಲ್ಲಿ ಇಪ್ಪತ್ತು ಮೂವತ್ತು ವರ್ಷ ಬದುಕುವ ಪ್ರಾಣಿ. ಹುಡುಗನು ಓದಿಗೆ ಬೇರೆ ಊರಿಗೆ ಹೋದ ಮೇಲೆ ಸಂಜೆ ದೀಪವನ್ನು ಆರಿಸುವವರು ಮನೆಯಲ್ಲಿ ಯಾರು?

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲಿನ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದರು. ತಂದೆತಾಯಿಗಳ ಶುಶ್ರೂಷೆ, ಸತ್ಯವಚನ ಇವುಗಳ ಜೊತೆಯಲ್ಲಿಯೇ ಪ್ರಾಣಿಗಳಲ್ಲಿ ದೃಢವಾದ ದಯೆಯಿರಬೇಕೆಂಬುದು ಅಲ್ಲಿಯ ಉಪದೇಶದಲ್ಲೊಂದು. ದಯೆಯೆಂದರೆ ಆಹಾರವಿಕ್ಕುವುದಷ್ಟೇ ಅಲ್ಲ. ಆ ಪ್ರಾಣಿಯ ಹೊತ್ತನ್ನು ಅದಕ್ಕೆ ಬಿಟ್ಟುಕೊಡುವುದೂ ದಯೆಯೇ. ಇಷ್ಟನ್ನು ನಡೆಸಲಾರದವರು ಹಾವನ್ನು ತರದಿರುವುದೇ ಮೇಲು.